ರಟ್ಟಿನ ಕುರ್ಚಿ: ನನ್ನ ಅನುಭವ

ಥೆರಪಿಸ್ಟ್ ತಿಂಗಳಿಗೊಮ್ಮೆಯೂ ತಲುಪದ ಕಡೆ ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ ಮೈ ಹತೋಟಿಗೆ ಬಾರದ ಸ್ಥಿತಿ) ಇರುವ ಮಗುವಿಗೆ ದಿನವೂ ಸಿಗಬಲ್ಲ ಚಿಕಿತ್ಸೆ ಎಂದರೆ ನೆಟ್ಟಗೆ ಕೂರಿಸುವ ಕುರ್ಚಿ. ಊಟ ಗಂಟಲಲ್ಲಿ ಸರಿಯಾಗಿ ಇಳಿಯಬೇಕಾದರೂ ಕೈಗಳು ಆಟಕ್ಕೆ ಬರಬೇಕಾದರೂ ಅದು ಬೇಕು. ಕಾಗದ, ರಟ್ಟನ್ನು ಪದರ ಪದರವಾಗಿ ಅಂಟಿಸಿ ಗಟ್ಟಿ ಸಾಮಾನು ಮಾಡುವ, ಜಿಂಬಾಬ್ವೆಯಲ್ಲಿ ಬೆಳೆದ ತಂತ್ರ ಹಿಡಿದು ಆ ಕುರ್ಚಿಯನ್ನು ಹಳೇ ಪೆಟ್ಟಿಗೆ ರಟ್ಟಿನಿಂದ ಮಾಡುತ್ತೇವೆ ಎಂದಾಗ ನಂಬಿದವರು ಕಡಿಮೆ. ಈಗ ದೊಡ್ಡವರೇ ಹತ್ತಿ ನಿಂತು ನೋಡುತ್ತಾರೆ, ಕುರ್ಚಿ ಅಲುಗುವುದಿಲ್ಲ.

ಮಗುವಿನ ಮೈ ಅಳತೆ ತೆಗೆದೇ ಕುರ್ಚಿ ಮಾಡಬೇಕು. ಸೀಟಿನ ಆಳ ಮಾತ್ರ ಮಂಡಿಯ ಹಿಂಬದಿಗಿಂತ 2-3 ಸೆಂ.ಮೀ. ಮೊದಲೇ ಮುಗಿಯಲಿ. ಉದ್ದವಾದರೆ ಮಗು ಜಾರಿ ಬೆನ್ನು ಬಾಗುತ್ತದೆ, ಪಟ್ಟಿ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಸೊಂಟಪಟ್ಟಿ ಸೀಟಿಗೆ ಸುಮಾರು 45 ಡಿಗ್ರಿ ಓರೆಯಲ್ಲಿರಲಿ, ಹೊಟ್ಟೆಗೆ ಏರಬಾರದು.

20 ಕೆ.ಜಿ. ಒಳಗಿನ ಮಗುವಿಗೆ ಸೀಟಿಗೆ ರಟ್ಟಿನ 8-10 ಪದರ. ಒಂದು ಪದರದ ರಟ್ಟಿನೊಳಗಿನ ಅಲೆಗಳು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಒಂದು ಅಳತೆ ಮೈದಾವನ್ನು ತಣ್ಣೀರಲ್ಲಿ ಕಲಸಿ, ಸುಮಾರು ಐದಳತೆ ಕುದಿನೀರಿಗೆ ಸುರಿದು ಅಂಟು ಕಾಯಿಸಿ. ಅಂಟು ತೆಳ್ಳಗೆ ಬಳಿಯಿರಿ. ದಪ್ಪವಾದರೆ ನಡುಪದರ ಒದ್ದೆಯಾಗಿಯೇ ಉಳಿದು ಬೂಸ್ಟು ಹಿಡಿಯುತ್ತದೆ, ವಾರಗಳ ನಂತರ ಪದರ ಬಿಚ್ಚಿಕೊಳ್ಳುತ್ತದೆ. ಹೆಚ್ಚು ಕುರ್ಚಿಗಳು ಕೆಟ್ಟದ್ದು ಭಾರದಿಂದಲ್ಲ, ಈ ಒಳತೇವದಿಂದ. ಒಂದು ದಿನ ಭಾರ ಹೇರಿ, ಆಮೇಲೆ ಗಾಳಿಯಲ್ಲಿ ನಿಲ್ಲಿಸಿ ಮಗುಚುತ್ತಾ ಒಣಗಿಸಬೇಕು. ತಟ್ಟಿದರೆ ಮರದ ಸದ್ದು ಬಂದ ಮೇಲೆಯೇ ವಾರ್ನಿಷ್. ರಟ್ಟಿನಲ್ಲಿ ಮೊಳೆ ನಿಲ್ಲುವುದಿಲ್ಲ, ಒಣಗಿದ ರಟ್ಟಿನ ಹಲಗೆಗಳನ್ನು ಖಾಂಚೆಯಲ್ಲಿ (ಕೊರೆದ ಸೀಳಿನಲ್ಲಿ) ಕೂರಿಸಿ, ಅಂಚಿಗೆ ಕತ್ತರಿಸದೆ ಕೈಯಿಂದ ಹರಿದ ಕಾಗದದ ಪಟ್ಟಿಗಳನ್ನು ಎರಡು ಮೂರು ಸುತ್ತು ಅಂಟಿಸಿ. ಹರಿದ ಅಂಚು ಮೇಲೇಳುವುದಿಲ್ಲ. ಸೀಟಿಗೆ ರೆಕ್ಸಿನ್ ಹೊದಿಸಲೇಬೇಕು, ಮೂತ್ರ ಇಳಿದರೆ ಎಲ್ಲ ಶ್ರಮವೂ ಹೋಯಿತು.

ಹುಳ ಹಿಡಿಯದಂತೆ ಅಂಟಿಗೆ ಸೇರಿಸುವುದನ್ನು ಬರೆಯುವುದಿಲ್ಲ. ಪ್ರಮಾಣ ತಪ್ಪಿದರೆ ಮಗುವಿಗೆ ಅಪಾಯ, ಎದುರು ಕೂರಿಸಿಕೊಂಡೇ ಕಲಿಸುತ್ತೇವೆ.

ಪದರಗಳ ನಡುವೆ ಬಿದಿರಿನ ಸೀಳುಗಳನ್ನಿಟ್ಟೂ ನೋಡಿದೆವು. ಬಿದಿರು ಹಿಗ್ಗಿ ಕುಗ್ಗುವ ರೀತಿಯೇ ಬೇರೆ, ಅಂಟು ಬಿಟ್ಟಿತು. ನೆನೆಸಿ ಕುಟ್ಟಿದ ಕಾಗದದ ಮುದ್ದೆಯಿಂದ ಕಾಲುಗಳು ಒಂದಕ್ಕೊಂದು ಸೇರದಂತೆ ತೊಡೆಗಳ ನಡುವೆ ಇಡುವ ತಡೆ ಮಾತ್ರ ಸೊಗಸಾಗಿ ಬಂತು.

ಇನ್ನು ದುಡ್ಡು. ರಟ್ಟು ಬಿಟ್ಟಿ, ಮೈದಾ ಅಲ್ಪ. ಸಾಮಗ್ರಿ ಖರ್ಚಿನ ಅರ್ಧಕ್ಕಿಂತ ಹೆಚ್ಚು ವಾರ್ನಿಷ್, ರೆಕ್ಸಿನ್, ಪಟ್ಟಿಗಳಿಗೆ ಹೋಗುತ್ತದೆ. ಆದರೂ ಕಾರ್ಖಾನೆ ಕುರ್ಚಿಯ ಸುಮಾರು ಹತ್ತರಲ್ಲೊಂದು. ಕೂಲಿ ಬೇರೆ, ಅದನ್ನು ಲೆಕ್ಕದಲ್ಲಿ ಮುಚ್ಚಿಟ್ಟರೆ ಕೆಲಸ ಒಂದೇ ವರ್ಷಕ್ಕೆ ನಿಲ್ಲುತ್ತದೆ. ಮರು ಅಳತೆಯ ಓಡಾಟಕ್ಕೂ ಮೊದಲೇ ಹಣ ಎತ್ತಿಡಿ. ಮಗು ಬೆಳೆಯುತ್ತದೆ, ಆರು ತಿಂಗಳಿಗೊಮ್ಮೆ ನೋಡಲೇಬೇಕು. ಬೆನ್ನೊರಗಿನ ಮುಂದೆ ಬಿಡಿ ಹಲಗೆಯೊಂದನ್ನು ಮೊದಲೇ ಇಟ್ಟಿದ್ದರೆ, ಅದನ್ನು ತೆಗೆದಾಗ ಆಳ ಸಿಗುತ್ತದೆ, ಹೊಸ ಕುರ್ಚಿ ಬೇಕಾಗುವುದಿಲ್ಲ.