ಬಳ್ಳಾರಿ ಜಾಲಿಯ ಬುಡ ಕಿತ್ತ ನನ್ನ ಅನುಭವ

ಕುಷ್ಟಗಿ ತಾಲ್ಲೂಕಿನಲ್ಲಿ ಹಳ್ಳಕ್ಕೆ ಹೊಂದಿರುವ ನಮ್ಮ ಎರಡು ಎಕರೆ ಮಸಾರಿ ಹೊಲ ಹತ್ತು ವರ್ಷ ಬೀಳು ಬಿದ್ದಿತ್ತು. ಅಷ್ಟರಲ್ಲಿ ಬಳ್ಳಾರಿ ಜಾಲಿ ಅದನ್ನು ನುಂಗಿಬಿಟ್ಟಿತು. ಅದರ ನೆರಳಿನಲ್ಲಿ ಗರಿಕೆಯೂ ಉಳಿಯಲಿಲ್ಲ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಗಿಡ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷರ ಆಡಳಿತ ಭಾರತಕ್ಕೆ ತಂದು ಹಬ್ಬಿಸಿತು.

ಮೊದಲ ವರ್ಷ ಇದ್ದಿಲು ಸುಡುವವರಿಗೆ ಗುತ್ತಿಗೆ ಕೊಟ್ಟೆವು. ಅವರು ನೆಲಮಟ್ಟಕ್ಕೆ ಕಡಿದು ಹೋದರು, ಹೊಲ ಬಯಲಾಯಿತು. ಎರಡು ಮಳೆ ಬೀಳುತ್ತಲೇ ಒಂದು ಕಾಂಡವಿದ್ದಲ್ಲಿ ಹತ್ತು ಹನ್ನೆರಡು ಚಿಗುರು. ಬೊಡ್ಡೆಗಳಿಗೆ ಬೆಂಕಿ ಹಚ್ಚಿದೆವು. ಅದಕ್ಕೂ ಬಗ್ಗಲಿಲ್ಲ.

ಕೊನೆಗೆ ಒಂದು ಬೊಡ್ಡೆಯ ಸುತ್ತ ಮಣ್ಣು ಬಿಡಿಸಿ ಕುಳಿತು ನೋಡಿದೆ. ನೆಲದಿಂದ ಗೇಣಿನಷ್ಟು ಕೆಳಗಿನವರೆಗೂ ತೊಗಟೆಯ ಮೇಲೆ ಗಂಟು ಗಂಟಾಗಿ ಮೊಗ್ಗುಗಳಿದ್ದವು; ಕೆಲವು ಆಗಲೇ ಮಣ್ಣಿನೊಳಗೇ ಬಾಯಿ ಬಿಟ್ಟಿದ್ದವು. ಅದರ ಕೆಳಗಿನ ಬೇರು ಬರೀ ನುಣುಪು. ಚಿಗುರು ಬರುವುದು ಆ ಗಂಟುಗಳಿಂದ, ಬೇರಿನಿಂದಲ್ಲ. ಇಷ್ಟು ತಿಳಿಯಲು ಒಂದು ವರ್ಷದ ಕೂಲಿ ಖರ್ಚಾಗಿತ್ತು.

ಆಮೇಲೆ ನೆಲ ಹಸಿಯಿರುವಾಗಲೇ ಕೆಲಸಕ್ಕಿಳಿದೆವು. ಬುಡದ ಸುತ್ತ ಒಂದು ಅಡಿ ಆಳ ಅಗೆದು, ಗಂಟಿನ ಭಾಗದ ಕೆಳಗೆ ಬೇರು ಕಡಿದು, ಬೊಡ್ಡೆಯನ್ನು ಹಾರೆಯಿಂದ ಎತ್ತಿ ಹಾಕುವುದು. ಜೆಸಿಬಿಯನ್ನೂ ಒಂದು ದಿನ ತರಿಸಿದೆ. ಅದು ಬೇಗ ಕೀಳುತ್ತದೆ, ಆದರೆ ಕೆಲವನ್ನು ನೆಲಮಟ್ಟಕ್ಕೇ ಮುರಿದುಬಿಡುತ್ತದೆ. ಅಂಥವನ್ನು ಹುಡುಕಿ ಮತ್ತೆ ಕೈಯಿಂದಲೇ ಅಗೆಯಬೇಕಾಯಿತು. ಕಿತ್ತ ಬೊಡ್ಡೆಗಳನ್ನು ಊರಿನ ಹೆಣ್ಣುಮಕ್ಕಳು ಒಲೆಗೆ ಒಯ್ದರು. ಭೂಮಿಯಿಲ್ಲದ ಮನೆಗಳಲ್ಲಿ ಅಡುಗೆಯಾಗುವುದೇ ಈ ಜಾಲಿಯಿಂದ, ಅದನ್ನು ನಾನು ಮರೆಯುವುದಿಲ್ಲ.

ಬುಡ ಹೋಯಿತು, ಬೀಜ ಉಳಿದಿತ್ತು. ಅದನ್ನು ತಂದವನೂ ನಾನೇ. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಹಿಂಡು ತರುಬಿಸಿದ್ದೆ. ಮುಂಗಾರು ಬಿದ್ದ ಮೇಲೆ ಹಿಂಡು ಮಲಗಿದ್ದ ಜಾಗದಲ್ಲಿ, ಅಳತೆ ಹಿಡಿದು ಬಿತ್ತಿದ ಹಾಗೆ, ಜಾಲಿಯ ಸಸಿ ಎದ್ದವು. ಒಂದು ಹಿಕ್ಕೆ ಒಡೆದು ನೋಡಿದರೆ ಒಳಗೆ ಕಂದು ಬಣ್ಣದ ಬೀಜ ಗೀರು ಕೂಡ ಇಲ್ಲದೆ ಕೂತಿತ್ತು. ಕುರಿ, ದನ ಇದರ ಎಲೆಗೆ ಬಾಯಿ ಹಾಕುವುದು ಅಪರೂಪ. ಸಿಹಿಯಾದ ಕಾಯಿಯನ್ನು ಮಾತ್ರ ಆಯ್ದು ತಿನ್ನುತ್ತವೆ. ಹೊಟ್ಟೆಯ ಮೂಲಕ ಸಾಗಿದ ಗಟ್ಟಿ ಬೀಜ ಗೊಬ್ಬರದ ಜೊತೆಗೇ ಹೊಸ ಹೊಲ ಸೇರುತ್ತದೆ. ಈಗ ಕಾಯಿ ಉದುರುವ ಕಾಲದಲ್ಲಿ ನಾನು ಹಿಂಡು ತರುಬಿಸುವುದಿಲ್ಲ. ಕುರಿಗಾರರಿಗೆ ಬೇಸರವಾಯಿತು. ಜೋಳದ ಕೊಯ್ಲಾದ ಕೂಡಲೇ ಬನ್ನಿ ಎಂದು ಕರೆದ ಮೇಲೆ ಒಪ್ಪಿದರು.

ಬದುವಿಗೆ ಬನ್ನಿ ಮತ್ತು ಬೇವು ಹಚ್ಚಿದೆ. ಬನ್ನಿ ಈ ಜಾಲಿಯ ದೂರದ ನಂಟ, ಆದರೆ ಅದರ ಬುಡದಲ್ಲಿ ಬೆಳೆ ಚೆನ್ನಾಗಿ ಬರುತ್ತದೆ. ಮೂರು ವರ್ಷಕ್ಕೆ ಮೊಣಕಾಲೆತ್ತರ ಬಂದಿವೆ, ಅಷ್ಟೇ.

ಜಾಲಿಯ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ಪ್ರತಿ ಮುಂಗಾರಿನಲ್ಲೂ ಸಾಲು ಹಿಡಿದು ನಡೆಯುತ್ತೇವೆ. ನಾಲ್ಕೆಲೆಯ ಸಸಿ ಎರಡು ಬೆರಳಿಗೆ ಬೇರುಸಹಿತ ಬರುತ್ತದೆ. ಎರಡು ತಿಂಗಳು ಬಿಟ್ಟರೆ ಗುದ್ದಲಿಯೇ ಬೇಕು. ಮೊದಲ ಸಲ ಕಿತ್ತಾಗ ಬುಟ್ಟಿ ತುಂಬಿತ್ತು. ಈ ವರ್ಷ ನಾನೂ ಮಗಳೂ ಮೂರು ಸಂಜೆ ಸುತ್ತಿದೆವು, ಸಿಕ್ಕಿದ್ದು ಅವಳ ಒಂದು ಹಿಡಿಯಷ್ಟು.