ವಿನಿಯರ್ ಹೊದಿಸಿದ ಪೀಠೋಪಕರಣಗಳ ಅಂಚನ್ನು ಕಾಪಾಡುವ ಬಗೆ

ತೇಗದ ವಿನಿಯರ್, ಅಂದರೆ ಪ್ಲೈವುಡ್ ಮೇಲೆ ಅಂಟಿಸುವ ಮರದ ತೆಳುಹಾಳೆ, ಹೊದಿಸಿದ ಮೇಜು ಹಾಳಾಗಲು ತೊಡಗುವುದು ನಡುವಿನಿಂದಲ್ಲ, ಅಂಚಿನಿಂದ. ನಮ್ಮ ಅಂಗಡಿಗಳಲ್ಲಿ ಸಿಗುವ ವಿನಿಯರ್ ಹಾಳೆಯ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅದರ ಮುಖಕ್ಕೆ ಪಾಲಿಶ್‌ನ ರಕ್ಷಣೆಯಿದೆ, ಬೆನ್ನಿಗೆ ಪ್ಲೈವುಡ್‌ನ ಆಸರೆಯಿದೆ. ಅಂಚು ಮಾತ್ರ ಬರಿದಾಗಿ ಉಳಿಯುತ್ತದೆ. ಕುರ್ಚಿಯ ಬೆನ್ನು, ಪೊರಕೆ, ನೆಲ ಒರೆಸುವ ಬಟ್ಟೆ ಎಲ್ಲವೂ ತಾಗುವುದು ಅಲ್ಲಿಗೇ. ಇದರ ಜೊತೆಗೆ, ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವವನ್ನು ಹೀರುವ ವಿನಿಯರ್ ತನ್ನ ಎಳೆಗೆ ಅಡ್ಡಲಾಗಿ ಹಿಗ್ಗಲು ನೋಡುತ್ತದೆ; ಒಂದರ ಮೇಲೊಂದು ಅಡ್ಡಡ್ಡ ಪದರಗಳಿಂದಾದ ಪ್ಲೈವುಡ್ ಅಷ್ಟು ಹಿಗ್ಗುವುದಿಲ್ಲವಾದ್ದರಿಂದ, ಇವೆರಡರ ನಡುವಿನ ಎಳೆದಾಟವನ್ನು ತೆಳುವಾದ ಅಂಟಿನ ಪದರವೇ ತಾಳಿಕೊಳ್ಳಬೇಕು. ಅದು ಮೊದಲು ಸೋಲುವುದು ತುದಿಯಲ್ಲಿ.

ನಾನು ಮೊದಲು ಮಾಡಿದ ಪುಸ್ತಕದ ಕಪಾಟಿಗೆ ಇಸ್ತ್ರಿಪೆಟ್ಟಿಗೆಯ ಬಿಸಿಯಿಂದ ಅಂಟಿಸುವ ತೆಳು ಅಂಚುಪಟ್ಟಿಯನ್ನು ಬಳಸಿದ್ದೆ. ಎರಡನೆಯ ಮಳೆಗಾಲದಲ್ಲಿ ಕೆಳಗಿನ ಹಲಗೆಯ ಪಟ್ಟಿ ಉಗುರು ತೂರುವಷ್ಟು ಬಿಟ್ಟುಕೊಂಡಿತು. ಒಂದು ದಿನ ಒರೆಸುವ ಬಟ್ಟೆಯ ನೂಲು ಅದಕ್ಕೆ ಸಿಕ್ಕಿ, ಎರಡು ಬೆರಳಗಲದ ಸಿಬಿರು ಮೇಲಿನ ವಿನಿಯರನ್ನೂ ಸೇರಿಸಿಕೊಂಡು ಎದ್ದು ಬಂತು. ಅಂದಿನಿಂದ ಬಳಕೆಯ ಮೇಜು, ಕಪಾಟುಗಳಿಗೆ ನಾನು ಗಟ್ಟಿ ಮರದ ಪಟ್ಟಿಯನ್ನೇ ಕೂಡಿಸುತ್ತೇನೆ. ಬಡಗಿಗಳು ಇದನ್ನು ಲಿಪ್ಪಿಂಗ್ ಎಂದೋ ಬೀಡಿಂಗ್ ಎಂದೋ ಕರೆಯುತ್ತಾರೆ.

ಪಟ್ಟಿಯನ್ನು ಯಾವಾಗ ಕೂಡಿಸಬೇಕೆಂಬುದನ್ನು ಕೆಲಸಕ್ಕೆ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಮೊದಲು ಪಟ್ಟಿ ಕೂಡಿಸಿ ಅದರ ಮೇಲೂ ವಿನಿಯರ್ ಹಾಯಿಸಿದರೆ ಮೇಲ್ಮೈ ಒಂದೇ ಹಲಗೆಯಂತೆ ಕಾಣುತ್ತದೆ ನಿಜ, ಆದರೆ ವಿನಿಯರ್‌ನ ತುದಿ ಮತ್ತೆ ಮೂಲೆಯಲ್ಲಿ ಬಯಲಿಗೆ ಬೀಳುತ್ತದೆ. ಗೋಡೆಯ ಮೇಲಿನ ಅಲಂಕಾರದ ಹಲಗೆಗೆ ಅದು ನಡೆಯುತ್ತದೆ. ಊಟದ ಮೇಜು, ಟೀಪಾಯಿ, ಕಪಾಟಿನ ಬಾಗಿಲುಗಳಿಗೆ ಮಾತ್ರ ವಿನಿಯರ್ ಹೊದಿಸಿದ ಮೇಲೆಯೇ ಪಟ್ಟಿ ಕೂಡಿಸುವುದು ಸರಿ. ಆಗ ವಿನಿಯರ್‌ನ ತುದಿ ಮರದ ಹಿಂದೆ ಅಡಗಿ ಕೂರುತ್ತದೆ, ಪೆಟ್ಟನ್ನು ಪಟ್ಟಿ ತಿನ್ನುತ್ತದೆ. ಒಂದು ತೆಳುಗೆರೆ ಕಾಣುತ್ತದೆಂಬ ಆಕ್ಷೇಪಕ್ಕೆ ನಾನು ಬೆಲೆ ಕೊಡುವುದಿಲ್ಲ. ಚೆನ್ನಾಗಿ ಕೂಡಿದ ಗೆರೆಗೆ ತನ್ನದೇ ಅಂದವಿದೆ.

ಪಟ್ಟಿಗೆ ಚೆನ್ನಾಗಿ ಒಣಗಿದ, ವಿನಿಯರ್‌ನ ಜಾತಿಯದೇ ಮರವನ್ನು ಆರಿಸಿಕೊಳ್ಳಿ. ಕಪಾಟಿನ ಹಲಗೆಗೆ 6 ಮಿಲಿಮೀಟರ್, ಮೇಜಿಗೆ 8ರಿಂದ 10 ಮಿಲಿಮೀಟರ್ ದಪ್ಪ ಸಾಕು. ಅಗಲವನ್ನು ಮಾತ್ರ ಹಲಗೆಯ ಒಟ್ಟು ದಪ್ಪಕ್ಕಿಂತ 1 ಮಿಲಿಮೀಟರ್ ಹೆಚ್ಚಿಟ್ಟು, ಎರಡೂ ಕಡೆ ಕೂದಲೆಳೆಯಷ್ಟು ಹೊರಚಾಚುವಂತೆ ನೋಡಿಕೊಳ್ಳಿ. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಅಂಟು ಹಚ್ಚುವ ಮುನ್ನ ಆ ಮುಖವನ್ನು ಅಸಿಟೋನ್‌ನಿಂದ ಒರೆಸಿ ಆರಲು ಬಿಡಬೇಕು. ಪ್ಲೈವುಡ್‌ನ ಕತ್ತರಿಸಿದ ಅಂಚು ಅಂಟನ್ನು ಕುಡಿದುಬಿಡುತ್ತದೆ. ಆದ್ದರಿಂದ ನೀರಿಗೆ ಜಗ್ಗದ ಬಗೆಯ ಫೆವಿಕಾಲ್ ಅನ್ನು ಮೊದಲು ತೆಳ್ಳಗೆ ಸವರಿ, ಕೆಲವು ನಿಮಿಷ ಬಿಟ್ಟು, ಇನ್ನೊಮ್ಮೆ ಹಚ್ಚಿ ಕೂಡಿಸಿರಿ. ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿದರೆ ನೀರು ಹೀರುವ ಅಡ್ಡಗೊಯ್ತದ ಮುಖ ಹೊರಗೆ ಕಾಣದು. ಅವಸರಕ್ಕೆ ಮೊಳೆ ಹೊಡೆಯುವುದು ಬೇಡ, ಮೊಳೆಯ ತೂತು ಮುಂದೆ ನೀರಿಗೆ ದಾರಿಯಾಗುತ್ತದೆ. ಕ್ಲಾಂಪ್‌ಗಳಿಲ್ಲದಿದ್ದರೆ ಮಾಸ್ಕಿಂಗ್ ಟೇಪನ್ನು ಬಿಗಿಯಾಗಿ ಎಳೆದು ಅಂಗೈಯಗಲಕ್ಕೊಂದರಂತೆ ಅಂಟಿಸಿ, ಒಂದಿಡೀ ದಿನ ಮುಟ್ಟದೆ ಬಿಡಿ.

ಹೊರಚಾಚಿದ ಭಾಗವನ್ನು ಸಮಮಾಡುವ ಹೊತ್ತೇ ಅತ್ಯಂತ ಅಪಾಯದ್ದು. ಕೂಡುಗೆರೆಯ ಪಕ್ಕದ ವಿನಿಯರ್ ಮೇಲೆ ಪೆನ್ಸಿಲಿನಿಂದ ಅಂಕುಡೊಂಕು ಗೆರೆಗಳನ್ನು ಎಳೆದುಕೊಳ್ಳಿ. ಹರಿತವಾದ ಹತ್ತರಿಯಿಂದ ಪಟ್ಟಿಯ ಎಳೆಯ ದಿಕ್ಕಿನಲ್ಲಿ ಕೀಸುತ್ತ ಬನ್ನಿ. ಕೊನೆಯ ಕಾಲು ಮಿಲಿಮೀಟರನ್ನು ಮರದ ತುಂಡಿಗೆ ಸುತ್ತಿದ 180ರ ಉಜ್ಜುಕಾಗದಕ್ಕೆ ಬಿಡಿ. ಪೆನ್ಸಿಲಿನ ಗೆರೆ ಮಸುಕಾಗತೊಡಗಿತೆಂದರೆ ಕೈ ನಿಲ್ಲಿಸಬೇಕು, ಏಕೆಂದರೆ ಅದರ ಮುಂದಿನ ನಾಲ್ಕಾರು ಉಜ್ಜಿನಲ್ಲೇ ಪ್ಲೈವುಡ್‌ನ ಪೇಲವ ಬಣ್ಣ ಇಣುಕಬಹುದು, ಅದನ್ನು ಮರೆಮಾಡಲು ಯಾವ ಪಾಲಿಶ್‌ಗೂ ಸಾಧ್ಯವಿಲ್ಲ. ಬರಿ ವಿನಿಯರ್‌ನ ಅಂಚನ್ನು ಉಜ್ಜಬೇಕಾಗಿ ಬಂದಾಗ ಒಳಗಿನಿಂದ ಹೊರಕ್ಕೆ ಮಾತ್ರ ಕೈ ಎಳೆಯಿರಿ. ಹೊರಗಿನಿಂದ ಒಳಕ್ಕೆ ಎಳೆದರೆ ಸಿಬಿರು ಏಳುತ್ತದೆ. ಕೊನೆಗೆ ಪಟ್ಟಿಯ ಚೂಪು ಮೂಲೆಯನ್ನು ಒಂದು ಮಿಲಿಮೀಟರಿನಷ್ಟು ದುಂಡಗೆ ಮಾಡಿ. ಚೂಪು ಮೂಲೆಯ ಮೇಲೆ ಪಾಲಿಶ್ ನಿಲ್ಲುವುದಿಲ್ಲ.

ಪಾಲಿಶ್ ಹಚ್ಚುವಾಗ ಅಂಚುಗಳಿಂದಲೇ ಆರಂಭಿಸಿ, ಅವುಗಳಿಗೆ ಮುಖಕ್ಕಿಂತ ಒಂದು ಕೈ ಸೀಲರ್ (ಪಾಲಿಶ್‌ಗೆ ಮುನ್ನ ಮರದ ರಂಧ್ರಗಳನ್ನು ಮುಚ್ಚುವ ಲೇಪ) ಹೆಚ್ಚೇ ಕೊಡಿ. ಕಣ್ಣಿಗೆ ಬೀಳದ ಕೆಳಮುಖ ಮತ್ತು ಹಿಂಬದಿಯನ್ನೂ ಬಿಡಬಾರದು. ಕಪಾಟಿನ ತಳ ನೆಲಕ್ಕೆ ತಾಗದಂತೆ ಕೆಳಗೆ ರಬ್ಬರ್ ಗುಂಡಿಗಳನ್ನಿಟ್ಟು ಕನಿಷ್ಠ 10 ಮಿಲಿಮೀಟರ್ ಎತ್ತರಿಸಿ. ದಿನವೂ ನೆಲ ಒರೆಸುವ ನಮ್ಮ ಮನೆಗಳಲ್ಲಿ ತಳದ ಅಂಚೇ ಮೊದಲು ಉಬ್ಬುತ್ತದೆ.

ಈಗಾಗಲೇ ಇರುವ ಪೀಠೋಪಕರಣವನ್ನು ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷಿಸಿ. ಅಂಚಿನಗುಂಟ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ, ಅಂಟು ಬಿಟ್ಟ ಕಡೆ ಸದ್ದು ಟೊಳ್ಳಾಗಿ ಕೇಳಿಸುತ್ತದೆ. ಎದ್ದ ಜಾಗದ ಧೂಳನ್ನು ತೆಳು ಬ್ಲೇಡಿನಿಂದ ತೆಗೆದು, ಸಿರಿಂಜಿನಿಂದ ಅಂಟನ್ನು ಒಳಗಿಳಿಸಿ, ಹೊರಬಂದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚಪ್ಪಟೆ ಮರದ ತುಂಡು ಇಟ್ಟು ಕ್ಲಾಂಪ್ ಬಿಗಿಯಿರಿ. ಮರುದಿನ ಬಿಚ್ಚಿದ ಕೂಡಲೇ, ತೇವ ಹೊಕ್ಕಿದ್ದ ಆ ಗೆರೆಯ ಮೇಲೆ ಸಣ್ಣ ಕುಂಚದಿಂದ ಎರಡು ಕೈ ಪಾಲಿಶ್ ಎಳೆದುಬಿಡಿ.