ರೋಬೊ ಕಾರಿಗೆ ಮೊದಲು ನಿಲ್ಲುವುದನ್ನು ಕಲಿಸಿ

ಹುಬ್ಬಳ್ಳಿ-ಧಾರವಾಡದ ಶಾಲೆಗಳ ವಿಜ್ಞಾನ ಮೇಳದಲ್ಲಿ ಪುಟ್ಟ ರೋಬೊ ಕಾರು ಈಗ ಹೊಸದೇನಲ್ಲ. ಮಕ್ಕಳು ಕಿಟ್ ತರುತ್ತಾರೆ, ಯಾರೋ ಬರೆದ ಪ್ರೋಗ್ರಾಂ ಇಳಿಸಿಕೊಳ್ಳುತ್ತಾರೆ, ಕಾರು ಓಡುತ್ತದೆ. ಆಮೇಲೆ ಹೋಗಿ ಗೋಡೆಗೆ ಗುದ್ದುತ್ತದೆ. ಯಾಕೆ ಗುದ್ದಿತು ಅಂತ ಕೇಳಿದರೆ ಮಕ್ಕಳಿಗೂ ಗೊತ್ತಿರುವುದಿಲ್ಲ. ಆ ಪ್ರೋಗ್ರಾಂ ಅವರು ಬರೆದದ್ದಲ್ಲವಲ್ಲ. ಅದನ್ನು ನಾವೇ ಬರೆಯೋಣ. ನನ್ನದು ಒಂದೇ ಹಠ: ಓಡಿಸುವ ಸಾಲಿಗಿಂತ ಮೊದಲು ನಿಲ್ಲಿಸುವ ಸಾಲು ಬರೆಯಬೇಕು.

ಸಾಮಾನು

ಆರ್ಡುಯಿನೊ ಊನೊ ಬೋರ್ಡ್ (ನಾವು ಬರೆದ ಪ್ರೋಗ್ರಾಂ ನಡೆಸುವ ಪುಟ್ಟ ಕಂಪ್ಯೂಟರ್), ಎಲ್298ಎನ್ ಮೋಟರ್ ಡ್ರೈವರ್ (ಬೋರ್ಡ್ ಹೇಳಿದಂತೆ ಮೋಟರಿಗೆ ಕರೆಂಟ್ ಕೊಡುವ ಸಾಧನ), ಗಾಲಿ ಸಮೇತ ಎರಡು ಹಳದಿ ಬಿಒ ಮೋಟರ್, ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದದಿಂದ ದೂರ ಅಳೆಯುವ ಸಾಧನ), ಹೋಲ್ಡರ್ ಜೊತೆ ಮತ್ತೆ ಚಾರ್ಜ್ ಮಾಡಬಹುದಾದ ಎರಡು 18650 ಲಿಥಿಯಂ ಸೆಲ್. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಬೇಡ. ಮೋಟರಿಗೆ ಬೇಕಾದಷ್ಟು ಕರೆಂಟ್ ಕೊಡುವ ಶಕ್ತಿ ಅದಕ್ಕಿಲ್ಲ. ಗಾಲಿ ತಿರುಗಲು ಹೊರಟ ಕೂಡಲೇ ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ನೀವು ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ. ಇನ್ನೊಂದು ಮಾತು: ಬ್ಯಾಟರಿ, ಡ್ರೈವರ್, ಬೋರ್ಡ್ ಮೂರರ ಗ್ರೌಂಡ್ (ಮೈನಸ್) ತಂತಿಯೂ ಒಂದೇ ಕಡೆ ಸೇರಿರಬೇಕು.

ಮೊದಲ ಫಂಕ್ಷನ್: ನಿಲ್ಲು

ಆರ್ಡುಯಿನೊ ಐಡಿಇ ಉಚಿತ ಸಾಫ್ಟ್‌ವೇರ್. ಬೋರ್ಡಿಗೆ ಬೇಕಾದ ಪ್ರೋಗ್ರಾಂ ಬರೆಯುವುದು ಇದರಲ್ಲೇ, ಆ ಪ್ರೋಗ್ರಾಂಗೆ ಇಲ್ಲಿ ‘ಸ್ಕೆಚ್’ ಎಂದು ಹೆಸರು. ಹೊಸ ಸ್ಕೆಚ್ ತೆರೆದರೆ ಎರಡು ಭಾಗ ಕಾಣುತ್ತವೆ. ‘ಸೆಟಪ್’ ಒಳಗೆ ಬರೆದದ್ದು ಒಮ್ಮೆ ಮಾತ್ರ ನಡೆಯುತ್ತದೆ, ‘ಲೂಪ್’ ಒಳಗೆ ಬರೆದದ್ದು ಕರೆಂಟ್ ಇರುವವರೆಗೂ ಸುತ್ತುತ್ತಲೇ ಇರುತ್ತದೆ. ಡ್ರೈವರಿನ ನಾಲ್ಕೂ ಇನ್‌ಪುಟ್ ಪಿನ್‌ಗಳನ್ನು ‘ಲೋ’ (ಸೊನ್ನೆ ವೋಲ್ಟ್) ಮಾಡುವ ಒಂದು ಫಂಕ್ಷನ್, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಪ್ರೋಗ್ರಾಂ ತುಂಡು, ಬರೆಯಿರಿ. ಅದಕ್ಕೆ ‘ನಿಲ್ಲು’ ಎಂದೇ ಹೆಸರಿಡಿ, ಇಂಗ್ಲಿಷ್ ಅಕ್ಷರಗಳಲ್ಲಿ (nillu). ಸೆಟಪ್‌ನಲ್ಲಿ ಪಿನ್‌ಗಳನ್ನು ಔಟ್‌ಪುಟ್ ಮಾಡಿದ ತಕ್ಷಣ ಇದನ್ನೇ ಕರೆಯಿರಿ. ಸ್ವಿಚ್ ಹಾಕಿದೊಡನೆ ಕಾರು ಎಲ್ಲಿ ಇಟ್ಟಿದ್ದೀರೋ ಅಲ್ಲೇ ನಿಂತಿರಬೇಕು.

ಮುಂದೆ ಹೋಗು, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಇವೆಲ್ಲ ಸುಲಭ. ವೇಗಕ್ಕೆ ಮಾತ್ರ ಸ್ವಲ್ಪ ಗಮನ ಕೊಡಿ. ಡ್ರೈವರಿನ ಎರಡು ಎನೇಬಲ್ ಪಿನ್‌ಗಳ ಜಂಪರ್ (ಪಿನ್ ಮೇಲೆ ಕೂತಿರುವ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆ) ತೆಗೆದು, ಅವನ್ನು ಊನೊದ 5 ಮತ್ತು 6ನೇ ಪಿನ್‌ಗೆ ಜೋಡಿಸಿ. ‘ಅನಲಾಗ್‌ರೈಟ್’ ಮೂಲಕ 0ಯಿಂದ 255ರವರೆಗೆ ವೇಗ ಕೊಡಬಹುದು. ತೀರಾ ಕಡಿಮೆ ಅಂಕಿ ಕೊಟ್ಟರೆ ಮೋಟರ್ ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಜಾಸ್ತಿ, ಕಲ್ಲಿನ ಸಂದಿಗೆ ಬಂದಾಗಲೂ ಗಾಲಿ ಹೀಗೆಯೇ ಸಿಕ್ಕಿಕೊಳ್ಳುತ್ತದೆ. ಆ ನೆಲದ ಮೇಲೇ ಅಂಕಿ ಹೆಚ್ಚಿಸುತ್ತಾ ನೋಡಿ ವೇಗ ಗೊತ್ತುಮಾಡಿಕೊಳ್ಳಿ. ಎರಡು ಮೋಟರ್ ಒಂದೇ ವೇಗದಲ್ಲಿ ತಿರುಗುವುದು ಅಪರೂಪ. ಕಾರು ಎಡಕ್ಕೆ ಎಳೆದರೆ ಬಲಗಡೆಯ ಅಂಕಿ ಸ್ವಲ್ಪ ಇಳಿಸಿ.

ಸೊನ್ನೆ ಬಂದರೆ ಏನರ್ಥ?

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಸೆನ್ಸರಿನ ಟ್ರಿಗರ್ ಪಿನ್‌ಗೆ 10 ಮೈಕ್ರೋಸೆಕೆಂಡ್ ಸಿಗ್ನಲ್ ಕೊಟ್ಟರೆ ನಮ್ಮ ಕಿವಿಗೆ ಕೇಳದ ಶಬ್ದ ಹೊರಡುತ್ತದೆ. ಅದು ಎದುರಿನ ವಸ್ತುವಿಗೆ ತಾಗಿ ವಾಪಸ್ ಬರುವ ಸಮಯವನ್ನು ‘ಪಲ್ಸ್‌ಇನ್’ ಅಳೆಯುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಒಂದು ಸೆಂಟಿಮೀಟರ್ ದಾಟಲು ಸುಮಾರು 29 ಮೈಕ್ರೋಸೆಕೆಂಡ್, ಹೋಗಿ ಬರಲು 58. ಸಿಕ್ಕ ಸಮಯವನ್ನು 58ರಿಂದ ಭಾಗಿಸಿದರೆ ದೂರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಆ ದೂರ ನೀವು ಗೊತ್ತುಮಾಡಿಕೊಂಡ ಅಂತರಕ್ಕಿಂತ ಕಡಿಮೆಯಾದರೆ ‘ನಿಲ್ಲು’ ಕರೆಯಿರಿ, ಆಮೇಲೆ ಕಾರನ್ನು ತಿರುಗಿಸಿ.

ಪಲ್ಸ್‌ಇನ್‌ಗೆ ನಾವೇನೂ ಹೇಳದಿದ್ದರೆ ಅದು ಒಂದು ಸೆಕೆಂಡಿನವರೆಗೂ ಕಾಯಬಲ್ಲದು. ಅಷ್ಟು ಹೊತ್ತು ಬೇಡ, 30,000 ಮೈಕ್ರೋಸೆಕೆಂಡ್ ಮಿತಿ ಹಾಕಿ. ಅಷ್ಟರಲ್ಲಿ ಶಬ್ದ ವಾಪಸ್ ಬರದಿದ್ದರೆ ಅದು 0 ಕೊಡುತ್ತದೆ. ಈ ಸೊನ್ನೆಯ ಅರ್ಥ ‘ಗೋಡೆ ಮೂಗಿಗೆ ತಾಗಿದೆ’ ಅಂತಲ್ಲ, ‘ದಾರಿ ಖಾಲಿ ಇದೆ’ ಅಂತಲೂ ಅಲ್ಲ. ‘ಉತ್ತರ ಬರಲಿಲ್ಲ’, ಅಷ್ಟೇ. ಎದುರಿಗೆ ಕೌದಿ ನೇತಾಡುತ್ತಿದ್ದರೆ ಬಟ್ಟೆ ಶಬ್ದವನ್ನು ನುಂಗಿರಬಹುದು. ಓರೆಯಾಗಿ ನಿಂತ ಹಲಗೆ ಶಬ್ದವನ್ನು ಬೇರೆ ಕಡೆ ತಿರುಗಿಸಿರಬಹುದು. ತಂತಿ ಸಡಿಲವೂ ಆಗಿರಬಹುದು. ಸತತ ಮೂರು ಸಲ ಸೊನ್ನೆ ಬಂದರೆ ‘ನಿಲ್ಲು’ ಕರೆಯಿರಿ. ಈ ಸೆನ್ಸರ್ 2 ಸೆಂಟಿಮೀಟರಿನಿಂದ 4 ಮೀಟರ್‌ವರೆಗೆ ಅಳೆಯುತ್ತದೆ. ಮನೆಯ ಪಡಸಾಲೆಯಲ್ಲಿ ಅಷ್ಟರೊಳಗೆ ಸಾಮಾನ್ಯವಾಗಿ ಒಂದು ಗೋಡೆ ಇದ್ದೇ ಇರುತ್ತದೆ, ಅಲ್ವಾ? ಹಾಗಾಗಿ ಕಾರು ಸುಮ್ನೆ ಸುಮ್ನೆ ನಿಲ್ಲುವ ಭಯ ಕಡಿಮೆ.

ಗೋಡೆಗೆ ಗುದ್ದುವುದಕ್ಕೆ ಇನ್ನೊಂದು ಕಾರಣ ‘ಡಿಲೇ’. ಒಂದು ಸೆಕೆಂಡಿನ ಡಿಲೇ ಬರೆದರೆ ಆ ಒಂದು ಸೆಕೆಂಡು ಪ್ರೋಗ್ರಾಂ ಸೆನ್ಸರನ್ನು ಓದುವುದೇ ಇಲ್ಲ. ಸೆಕೆಂಡಿಗೆ ಅರ್ಧ ಮೀಟರ್ ಹೋಗುವ ಕಾರು ಅರ್ಧ ಮೀಟರ್ ಕುರುಡಾಗಿ ಓಡುತ್ತದೆ. ಅದರ ಬದಲು ‘ಮಿಲಿಸ್’ ಬಳಸಿ, ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಅದು ಹೇಳುತ್ತದೆ. ತಿರುಗಲು ಶುರು ಮಾಡಿದ ಹೊತ್ತನ್ನು ಬರೆದಿಟ್ಟುಕೊಂಡು, ಪ್ರತಿ ಸುತ್ತಿನಲ್ಲೂ ‘ಸಮಯ ಆಯಿತಾ?’ ಎಂದು ನೋಡಿ. ನಡುವೆ ದೂರ ಅಳೆಯುವ ಕೆಲಸ ನಿಲ್ಲುವುದಿಲ್ಲ.

ಪ್ರೋಗ್ರಾಂ ಹಾಕಿದ ಕೂಡಲೇ ಕಾರನ್ನು ನೆಲಕ್ಕೆ ಬಿಡಬೇಡಿ. ಇಟ್ಟಿಗೆಯ ಮೇಲೆ ಗಾಲಿ ಎತ್ತರಿಸಿ ಇಡಿ, ಸೆನ್ಸರಿಗೆ ಕೈ ಅಡ್ಡ ಹಿಡಿಯಿರಿ, ಐಡಿಇಯ ಸೀರಿಯಲ್ ಮಾನಿಟರಿನಲ್ಲಿ (ಬೋರ್ಡ್ ಕಳಿಸಿದ್ದನ್ನು ತೋರಿಸುವ ಕಿಟಕಿ) ಅಂಕಿ ನೋಡಿ. ಸೆನ್ಸರಿನ ತಂತಿ ಕಿತ್ತು ನೋಡಿ. ಗಾಲಿ ನಿಲ್ಲಬೇಕು.

ಮುಂದಿನ ಮೆಟ್ಟಿಲು

ಕಾಲೇಜು ಹುಡುಗರು ಇಲ್ಲಿಗೇ ನಿಲ್ಲಬಾರದು. ಹುಬ್ಬಳ್ಳಿ ವಿದ್ಯಾನಗರದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಟೊಮೇಷನ್ ಮತ್ತು ರೊಬಾಟಿಕ್ಸ್ ಓದಬಹುದು. ಆದರೆ ದೊಡ್ಡ ರೋಬೊಗಳಿಗೆ ಪ್ರೋಗ್ರಾಂ ಬರೆಯಲು ಬಳಸುವ ರಾಸ್ 2 (ROS 2) ಸಾಫ್ಟ್‌ವೇರ್ ಕಲಿಯಲು ಸೀಟು ಸಿಗುವವರೆಗೆ ಕಾಯಬೇಕಿಲ್ಲ. ಅದೂ ಉಚಿತ. 2024ರಲ್ಲಿ ಬಂದ ಜಾಜಿ ಆವೃತ್ತಿಯನ್ನು ಉಬುಂಟು 24.04ರಲ್ಲಿ (ವಿಂಡೋಸ್ ಥರದ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿಕೊಳ್ಳಿ. ಇದರಲ್ಲಿ ರೋಬೊದ ಒಂದೊಂದು ಕೆಲಸಕ್ಕೂ ಬೇರೆ ಪ್ರೋಗ್ರಾಂ ಇರುತ್ತದೆ, ಅದು ‘ನೋಡ್’. ನೋಡ್‌ಗಳು ‘ಟಾಪಿಕ್’ ಎಂಬ ದಾರಿಯಲ್ಲಿ ಒಂದಕ್ಕೊಂದು ಸುದ್ದಿ ಕಳಿಸುತ್ತವೆ.

ಜೊತೆಗಿರುವ ಟರ್ಟಲ್‌ಸಿಮ್ ತೆರೆದರೆ ಪರದೆಯ ಮೇಲೆ ಆಮೆ ಕಾಣುತ್ತದೆ. ಇನ್ನೊಂದು ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ಕೀಬೋರ್ಡ್ ನೋಡ್ ಶುರು ಮಾಡಿ ಬಾಣದ ಗುಂಡಿ ಒತ್ತಿ, ಆಮೆ ನಡೆಯುತ್ತದೆ. ಗುಂಡಿಯಿಂದ ಕೈ ತೆಗೆಯಿರಿ. ಹೊಸ ಆದೇಶ ಬರದೆ ಒಂದು ಸೆಕೆಂಡು ಕಳೆದರೆ ಆಮೆ ತಾನೇ ನಿಲ್ಲುತ್ತದೆ. ನಿಮ್ಮ ಕಾರಿಗೆ ಬ್ಲೂಟೂತ್ ಹಾಕಿ ಮೊಬೈಲಿನಿಂದ ಓಡಿಸುವಾಗ ಇದನ್ನೇ ಬರೆಯಿರಿ: ಅರ್ಧ ಸೆಕೆಂಡು ಮೊಬೈಲಿನಿಂದ ಸುದ್ದಿ ಇಲ್ಲವೇ, ನಿಲ್ಲು.

ಡಿಪ್ಲೊಮಾ, ಐಟಿಐ ಮುಗಿಸಿ ಕಾರ್ಖಾನೆ ಸೇರುವವರು ಅಲ್ಲಿ ರೋಬೊ ತೋಳಿಗೆ ಕೆಲಸ ಕಲಿಸುವ ಟೀಚ್ ಪೆಂಡೆಂಟ್ ಹಿಡಿಯಬೇಕಾಗಬಹುದು. ಅದರಲ್ಲಿ ಮೂರು ಸ್ಥಾನದ ಒಂದು ಸ್ವಿಚ್ ಇರುತ್ತದೆ. ಹದವಾಗಿ ಒತ್ತಿ ಹಿಡಿದಾಗ ಮಾತ್ರ ತೋಳು ಅಲುಗಾಡುತ್ತದೆ. ಕೈ ಬಿಟ್ಟರೂ ನಿಲ್ಲುತ್ತದೆ, ಬಿಗಿಯಾಗಿ ಹಿಸುಕಿದರೂ ನಿಲ್ಲುತ್ತದೆ. ಹೆದರಿದ ಮನುಷ್ಯ ಈ ಎರಡರಲ್ಲಿ ಯಾವುದನ್ನು ಮಾಡುತ್ತಾನೋ ಹೇಳಲಾಗದು, ಅದಕ್ಕೇ ಹೀಗೆ. ಹೀಗೆ ಕಲಿಸುವಾಗ ತೋಳಿನ ವೇಗವೂ ಸೆಕೆಂಡಿಗೆ 250 ಮಿಲಿಮೀಟರ್ ಮೀರುವಂತಿಲ್ಲ.